ಮೆದುಳಿನ ಧಮನಿಯ ಉಬ್ಬು: ಕಾಣದಿದ್ದುದು ಕಂಡ ಬಗೆ

ಈಚೆಗೆ ನಮ್ಮ ಸಂಘದ ಮಾಸಿಕ ಕೂಟ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ತಲೆಸುತ್ತು ಬರುತ್ತದೆಂದು ಅವರ ಮನೆಯವರಿಗೆ ತಲೆಯ ಚಿತ್ರ ತೆಗೆಸಿದ್ದರಂತೆ. ತಲೆಸುತ್ತಿಗೆ ಕಾರಣವೇನೂ ಅದರಲ್ಲಿ ಕಾಣಲಿಲ್ಲ. ಆದರೆ ಕೇಳದೆ ಇದ್ದುದೊಂದು ಕಂಡಿತು. ಮೆದುಳಿನ ಧಮನಿಯೊಂದರ ಮೇಲೆ ನಾಲ್ಕು ಮಿಲಿಮೀಟರಿನ ಒಂದು ಉಬ್ಬು. "ಒಡೆದರೆ ಪ್ರಾಣಕ್ಕೆ ಅಪಾಯ ಅಂತಾರೆ. ಹಾಗಾದರೆ ತೆಗೆದುಬಿಡಿ ಅಂದರೆ, ಈಗ ಬೇಡ, ವರ್ಷಕ್ಕೊಂದು ಸಲ ನೋಡೋಣ ಅಂತಾರೆ. ಇವಳು ಅವತ್ತಿನಿಂದ ಭಜನೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ, ದನಿ ಏರಿಸಿದರೆ ಒಡೆದೀತು ಅಂತ. ಇದೆಂಥ ವೈದ್ಯ ಸ್ವಾಮಿ, ರೋಗ ತೋರಿಸಿ ಮದ್ದು ಕೊಡದೆ ಕಳಿಸುವುದು?" ಎಂದು ಅವರು ಕೇಳಿದರು.

ನಾವು ವೈದ್ಯರಲ್ಲ. ಅವರಿಗೆ ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಬಲ್ಲವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ನೋಡಿದಾಗ, "ಈಗ ಬೇಡ, ನೋಡೋಣ" ಎಂಬ ಆ ಮಾತಿನ ಹಿಂದೆ ಇನ್ನೂರೈವತ್ತು ವರ್ಷಗಳ ಇತಿಹಾಸವಿದೆಯೆಂದು ತಿಳಿಯಿತು. ಆ ಇತಿಹಾಸವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಉಬ್ಬು ಎಂದರೇನು?

ಸವೆದ ಸೈಕಲ್ ಟ್ಯೂಬಿಗೆ ಗಾಳಿ ತುಂಬಿದಾಗ ರಬ್ಬರು ತೆಳುವಾದ ಕಡೆ ಗುಳ್ಳೆಯಂತೆ ಉಬ್ಬುವುದನ್ನು ನಾವೆಲ್ಲರೂ ನೋಡಿದ್ದೇವೆ. ರಕ್ತನಾಳಕ್ಕೂ ಹೀಗೆಯೇ ಆಗುವುದುಂಟು. ವೈದ್ಯರು ಇದನ್ನು 'ಅನ್ಯೂರಿಸಮ್' ಎನ್ನುತ್ತಾರೆ. ಮೆದುಳಿನ ಬುಡದಲ್ಲಿ ಧಮನಿಗಳೆಲ್ಲ ಕೂಡಿ ಒಂದು ಬಳೆಯಂತೆ ಏರ್ಪಟ್ಟಿವೆ. ಇಂಗ್ಲೆಂಡಿನ ಥಾಮಸ್ ವಿಲಿಸ್ 1664ರಲ್ಲಿ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದ್ದರಿಂದ ಅದಕ್ಕೆ 'ವಿಲಿಸನ ವೃತ್ತ' ಎಂದು ಹೆಸರು. ಈ ಬಳೆಯಿಂದ ಕವಲುಗಳು ಒಡೆಯುವ ಜಾಗಗಳಲ್ಲಿ ರಕ್ತದ ಪೆಟ್ಟು ಹೆಚ್ಚು. ಉಬ್ಬು ಬರುವುದೂ ಬಹುಮಟ್ಟಿಗೆ ಅಲ್ಲಿಯೇ. ಉಬ್ಬು ಒಡೆದರೆ ಮೆದುಳಿನ ಸುತ್ತಲಿನ ಪೊರೆಗಳ ನಡುವೆ ರಕ್ತ ನುಗ್ಗುತ್ತದೆ. ಹೀಗಾದವರಲ್ಲಿ ಮೂರರಲ್ಲೊಂದು ಪಾಲಿನಷ್ಟು, ಇಲ್ಲವೆ ಅದಕ್ಕೂ ಹೆಚ್ಚು ಜನ ಉಳಿಯುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಇಂಥ ಸಾವುಗಳು ಇರಲಿಲ್ಲವೆಂದಲ್ಲ. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸು "ಅಯ್ಯೋ ತಲೆ" ಎಂದು ಕುಸಿದು ಸಂಜೆಯೊಳಗೆ ತೀರಿಕೊಂಡರೆ, ಗಾಳಿ ಸೋಕಿತೆಂದೋ ನೆತ್ತರು ತಲೆಗೇರಿತೆಂದೋ ಹೇಳುತ್ತಿದ್ದರು. ಅದರಲ್ಲಿ ಎಷ್ಟು ಈ ಉಬ್ಬಿನಿಂದಾದದ್ದು ಎಂದು ಹೇಳಬಲ್ಲವರು ಯಾರೂ ಇಲ್ಲ.

ಸತ್ತ ಮೇಲೆ ಕಂಡದ್ದು

ಯುರೋಪಿನಲ್ಲಿ ಈ ರೋಗ ಮೊದಲು ಕಣ್ಣಿಗೆ ಬಿದ್ದದ್ದು ಶವಪರೀಕ್ಷೆಯ ಮೇಜಿನ ಮೇಲೆ. ಇಟಲಿಯ ಪಡುವಾದ ಮೊರ್ಗಾನಿ 1761ರಲ್ಲಿ ಮೆದುಳಿನ ಧಮನಿಗಳ ಹಿಗ್ಗುವಿಕೆಯನ್ನು ದಾಖಲಿಸಿದನು. 1765ರಲ್ಲಿ ಮಿಲಾನಿನ ಬಿಯುಮಿ, ಒಡೆದ ಉಬ್ಬಿನಿಂದ ಸತ್ತವರ ವಿವರ ಬರೆದನು. 1859ರಲ್ಲಿ ಲಂಡನಿನ ವಿಲಿಯಮ್ ಗಲ್ ಇಂಥ ಅನೇಕ ಪ್ರಕರಣಗಳನ್ನು ಒಟ್ಟುಗೂಡಿಸಿ, ಬದುಕಿರುವವರಲ್ಲಿ ಈ ರೋಗವನ್ನು ಶಂಕಿಸಬಹುದೇ ಹೊರತು ಖಚಿತವಾಗಿ ಹೇಳಬಲ್ಲ ಲಕ್ಷಣ ಯಾವುದೂ ಇಲ್ಲವೆಂದು ತೀರ್ಮಾನಿಸಿದನು. ಅಂದರೆ ನೂರು ವರ್ಷಗಳ ಕಾಲ ವೈದ್ಯರಿಗೆ ಈ ರೋಗದ ಪರಿಚಯವಿದ್ದದ್ದು ರೋಗಿ ಸತ್ತ ಮೇಲೆಯೇ.

ಬದುಕಿರುವವರಿಗೆ ಏನಾದರೂ ಮಾಡಬಹುದೆಂಬ ಆಸೆ ಬಂದದ್ದು ಬೇರೊಂದು ದಾರಿಯಿಂದ. ಲಂಡನಿನ ಆಸ್ಟ್ಲಿ ಕೂಪರ್ ಕುತ್ತಿಗೆಯ ದೊಡ್ಡ ಧಮನಿಯಲ್ಲಿ ಉಬ್ಬು ಬಂದವರಿಗೆ ಆ ಧಮನಿಯನ್ನೇ ದಾರದಿಂದ ಕಟ್ಟಿದನು. 1805ರಲ್ಲಿ ಕಟ್ಟಿಸಿಕೊಂಡ ರೋಗಿ ತೀರಿಕೊಂಡರು. 1808ರಲ್ಲಿ ಕಟ್ಟಿಸಿಕೊಂಡವರು ಬದುಕಿ ಉಳಿದರು. 1885ರಲ್ಲಿ ವಿಕ್ಟರ್ ಹಾರ್ಸ್‌ಲಿ ಗಡ್ಡೆಯೆಂದು ಭಾವಿಸಿ ತಲೆಬುರುಡೆ ತೆರೆದಾಗ ಒಳಗೆ ಮಿಡಿಯುತ್ತಿದ್ದ ಉಬ್ಬು ಕಂಡಿತು. ಅದನ್ನು ಮುಟ್ಟುವ ಧೈರ್ಯ ಯಾರಿಗಿದ್ದೀತು? ಆತನೂ ಕುತ್ತಿಗೆಯ ಧಮನಿಯನ್ನೇ ಕಟ್ಟಿದನು. ಊರಿನ ಒಂದು ಮನೆಗೆ ಪ್ರವಾಹ ನುಗ್ಗೀತೆಂದು ಕಾಲುವೆಯ ತೂಬನ್ನೇ ಮುಚ್ಚಿದಂಥ ಉಪಾಯವಿದು. ಕೆಲವರು ಬದುಕಿದರು, ಕೆಲವರಿಗೆ ಮೆದುಳಿಗೆ ರಕ್ತ ಸಾಲದೆ ಅರ್ಧಾಂಗ ಬಿದ್ದುಹೋಯಿತು.

ಹಾಸಿಗೆಯ ಬಳಿ ಗುರುತಿಸಿದ್ದು

1920ರ ಸುಮಾರಿಗೆ ಚಾರ್ಲ್ಸ್ ಸೈಮಂಡ್ಸ್ ಎಂಬ ತರುಣ ಇಂಗ್ಲಿಷ್ ವೈದ್ಯರು ಅಮೆರಿಕದ ಬಾಸ್ಟನ್‌ನಲ್ಲಿ ಹಾರ್ವೆ ಕುಷಿಂಗ್ ಅವರ ಬಳಿ ಇದ್ದರು. ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ಆಗ ಕುಷಿಂಗ್ ಅವರನ್ನು ಮೀರಿದವರಿರಲಿಲ್ಲ. ಗಡ್ಡೆಯೆಂದು ಎಲ್ಲರೂ ಎಣಿಸಿದ್ದ ರೋಗಿಯೊಬ್ಬರಲ್ಲಿ ಇರುವುದು ಧಮನಿಯ ಉಬ್ಬು ಎಂದು ಸೈಮಂಡ್ಸ್ ಹೇಳಿದರು. ಅವರ ಮಾತೇ ನಿಜವಾಯಿತು. ಅದು ಅದೃಷ್ಟದ ಊಹೆಯೋ, ಕಾರಣವುಳ್ಳ ನಿರ್ಣಯವೋ ಎಂಬುದನ್ನು ಹಳೆಯ ದಾಖಲೆಗಳನ್ನೆಲ್ಲ ಶೋಧಿಸಿ ತೋರಿಸಬೇಕೆಂದು ಕುಷಿಂಗ್ ಅವರಿಗೆ ಹೇಳಿದರು. ಸೈಮಂಡ್ಸ್ ಪುಸ್ತಕಭಂಡಾರದಲ್ಲಿ ಕುಳಿತು ಶೋಧಿಸಿದರು. ಸಿಡಿಲು ಬಡಿದಂತೆ ಒಮ್ಮೆಲೆ ಬರುವ ತಲೆನೋವು, ವಾಂತಿ, ಬಿಗಿಯುವ ಕುತ್ತಿಗೆ, ಬೆನ್ನುಹುರಿಯ ನೀರಿನಲ್ಲಿ ರಕ್ತ, ಕೆಲವರಲ್ಲಿ ಜೋಲುವ ಕಣ್ಣರೆಪ್ಪೆ. ಈ ಲಕ್ಷಣಗಳ ಸಮೂಹವನ್ನು 1923ರಲ್ಲಿ ಅವರು ಪ್ರಕಟಿಸಿದ ಲೇಖನ, ಗಲ್ ಮುಚ್ಚಿದ್ದ ಬಾಗಿಲನ್ನು ತೆರೆಯಿತು. ಬದುಕಿರುವವರಲ್ಲಿಯೇ ರೋಗವನ್ನು ಗುರುತಿಸುವುದು ಸಾಧ್ಯವಾಯಿತು.

ಆದರೆ ಉಬ್ಬು ತಲೆಯ ಯಾವ ಮೂಲೆಯಲ್ಲಿದೆ? ಇದಕ್ಕೆ ಉತ್ತರ ಬಂದದ್ದು ಪೋರ್ತುಗಲ್‌ನಿಂದ. ಲಿಸ್ಬನ್ನಿನ ಎಗಾಸ್ ಮೊನಿಜ್ ಧಮನಿಯೊಳಗೆ ಕ್ಷ-ಕಿರಣಕ್ಕೆ ಕಾಣುವ ದ್ರವವನ್ನು ಚುಚ್ಚಿ, ಅದು ಹರಿಯುವಾಗ ಚಿತ್ರ ತೆಗೆಯುವ ವಿಧಾನವನ್ನು 1927ರಲ್ಲಿ ಸಾಧಿಸಿದರು. ಪ್ರಯೋಗದ ಹಾದಿಯಲ್ಲಿ ಒಬ್ಬ ರೋಗಿಯ ಪ್ರಾಣವೂ ಹೋಗಿತ್ತು. 1933ರಲ್ಲಿ ಇದೇ ವಿಧಾನದಿಂದ ಬದುಕಿದ್ದ ಮನುಷ್ಯನ ತಲೆಯೊಳಗಿನ ಉಬ್ಬು ಚಿತ್ರದಲ್ಲಿ ಮೂಡಿತು. ಇದಕ್ಕೂ ಬೆಲೆ ತೆರಬೇಕಾಯಿತು. 1931ರಿಂದ ಬಳಕೆಗೆ ಬಂದ 'ಥೊರೊಟ್ರಾಸ್ಟ್' ಎಂಬ ದ್ರವ ಚಿತ್ರವನ್ನೇನೋ ಸ್ಪಷ್ಟವಾಗಿ ಕೊಡುತ್ತಿತ್ತು. ಆದರೆ ಅದರಲ್ಲಿದ್ದ ಥೋರಿಯಮ್ ವಿಕಿರಣವನ್ನು ಹೊಮ್ಮಿಸುವ ಧಾತು. ಅದು ದೇಹದಲ್ಲಿಯೇ ಉಳಿದು, ಎಷ್ಟೋ ವರ್ಷಗಳ ಮೇಲೆ ಕೆಲವರಿಗೆ ಯಕೃತ್ತಿನ ಕ್ಯಾನ್ಸರ್ ತಂದಿತು. ನೋಡುವುದು ಕೂಡ ಅಪಾಯದ ಕೆಲಸವೇ ಎಂಬುದನ್ನು ಇಲ್ಲಿ ಮರೆಯಬಾರದು.

ಎಡಿನ್‌ಬರೋದ ಹನ್ನೆರಡು ನಿಮಿಷ

1931ರ ಏಪ್ರಿಲ್ 22ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಾರ್ಮನ್ ಡಾಟ್ ಎಂಬ ಶಸ್ತ್ರವೈದ್ಯರು, ಅದುವರೆಗೆ ಯಾರೂ ಉದ್ದೇಶಪಟ್ಟು ಮಾಡದಿದ್ದ ಕೆಲಸಕ್ಕೆ ಕೈ ಹಾಕಿದರು. ಡಾಟ್ ಮೊದಲು ಯಂತ್ರಶಿಲ್ಪದ ಕೆಲಸ ಕಲಿಯುತ್ತಿದ್ದವರು. ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಜಜ್ಜಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮನಸ್ಸು ತಿರುಗಿ ವೈದ್ಯಕೀಯಕ್ಕೆ ಬಂದವರು. ಅವರ ರೋಗಿ, ಐವತ್ತು ದಾಟಿದ ಒಬ್ಬ ವಕೀಲರು. ಉಬ್ಬು ಒಡೆದು ಮತ್ತೆ ಮತ್ತೆ ರಕ್ತಸ್ರಾವವಾಗುತ್ತಿತ್ತು. ಇನ್ನೊಮ್ಮೆ ಆದರೆ ಉಳಿಯುವಂತಿರಲಿಲ್ಲ.

ಡಾಟ್ ತಲೆಬುರುಡೆ ತೆರೆದು ಧಮನಿಯ ಗುಂಟ ಹೋಗಿ ಉಬ್ಬನ್ನು ತಲುಪಿದರು. ತಲುಪಿದೊಡನೆ ಅದು ಭೋರೆಂದು ಒಡೆಯಿತು. ರೋಗಿಯ ತೊಡೆಯಿಂದ ತೆಗೆದ ಸ್ನಾಯುವಿನ ತುಂಡನ್ನು ಒಡೆದ ಜಾಗದ ಮೇಲೆ ಒತ್ತಿ ಹಿಡಿದರು. ಹನ್ನೆರಡು ನಿಮಿಷ ಹಾಗೆಯೇ ಹಿಡಿದಿದ್ದರು. ರಕ್ತ ನಿಂತಿತು. ಬಳಿಕ ಇನ್ನಷ್ಟು ಸ್ನಾಯುವನ್ನು ಸುತ್ತಲೂ ಹೊದಿಸಿ ಮುಚ್ಚಿದರು. ಆ ವಕೀಲರು ಗುಣಹೊಂದಿ ಹತ್ತು ವರ್ಷಗಳಿಗೂ ಮೀರಿ ಬಾಳಿದರು. ಕೊನೆಗೆ ಹೃದಯಾಘಾತದಿಂದ ತೀರಿಕೊಂಡರು, ಉಬ್ಬಿನಿಂದಲ್ಲ.

ಆರು ವರ್ಷಗಳ ತರುವಾಯ, 1937ರ ಮಾರ್ಚ್ 23ರಂದು, ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಮತ್ತೊಂದು ಹೆಜ್ಜೆ ಮುಂದಿಟ್ಟರು. ಉಬ್ಬಿಗೆ ಕತ್ತಿನಂತಿರುವ ಕಿರಿದಾದ ಬುಡವಿದ್ದರೆ, ಆ ಕತ್ತಿಗೆ ಬೆಳ್ಳಿಯ ಪುಟ್ಟ ಕ್ಲಿಪ್ಪು ಹಾಕಿ ಹಿಸುಕಿಬಿಟ್ಟರೆ, ಉಬ್ಬಿನೊಳಗೆ ರಕ್ತ ಹೋಗುವುದಿಲ್ಲ. ಮೂಲಧಮನಿಯಲ್ಲಿ ಎಂದಿನಂತೆ ಹರಿಯುತ್ತದೆ. ತೂಬು ಮುಚ್ಚಬೇಕಾಗಿಲ್ಲ, ಒಡಕಿನ ಬಾಯಿಯನ್ನು ಮಾತ್ರ ಕಟ್ಟಿದರೆ ಸಾಕು. ಇಂದಿಗೂ ಶಸ್ತ್ರಕ್ರಿಯೆಯ ಮೂಲತತ್ತ್ವ ಇದೇ. ಆ ರೋಗಿಯ ಜೋತುಬಿದ್ದ ಕಣ್ಣರೆಪ್ಪೆ ಕೆಲವು ತಿಂಗಳಲ್ಲಿ ಮೇಲೆದ್ದಿತು.

ಕತ್ತಿ ಗೆಲ್ಲದ ಕಾಲ

ಇಷ್ಟನ್ನು ಓದಿದವರು ರೋಗ ಗೆದ್ದಾಯಿತೆಂದು ತಿಳಿದಾರು. ಹಾಗಾಗಲಿಲ್ಲ. ಲಂಡನಿನ ವೈಲಿ ಮ್ಯಾಕಿಸ್ಸಾಕ್ ಮತ್ತು ಅವರ ಸಂಗಡಿಗರು, ಮೆದುಳಿನ ಮುಂಭಾಗದ ಒಂದು ಬಗೆಯ ಉಬ್ಬು ಒಡೆದವರಲ್ಲಿ ಕೆಲವರಿಗೆ ಶಸ್ತ್ರಕ್ರಿಯೆ, ಕೆಲವರಿಗೆ ಬರಿಯ ಹಾಸಿಗೆಯ ವಿಶ್ರಾಂತಿ ಎಂದು ಹಂಚಿ ಹೋಲಿಸಿ ನೋಡಿದರು. 1965ರಲ್ಲಿ ಹೊರಬಂದ ಫಲಿತಾಂಶದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ತಮ್ಮ ಕೈಕೆಲಸದಿಂದ ಪ್ರಯೋಜನವಾಗಿಲ್ಲವೆಂದು ಶಸ್ತ್ರವೈದ್ಯರೇ ಲೆಕ್ಕ ಹಾಕಿ ಸಾರಿದ ಪ್ರಸಂಗವಿದು. ಇಡೀ ಇತಿಹಾಸದಲ್ಲಿ ನಮಗೆ ಬಹಳ ಹಿಡಿಸಿದ ಭಾಗವೂ ಇದೇ. "ಮಾಡಬಲ್ಲೆವು" ಎಂಬುದೂ "ಮಾಡಬೇಕು" ಎಂಬುದೂ ಬೇರೆ ಬೇರೆ ಎಂಬ ವಿವೇಕ ಇಂಥ ಪ್ರಾಮಾಣಿಕ ಲೆಕ್ಕದಿಂದ ಬಂದದ್ದು.

ಸೋಲಿಗೆ ಕಾರಣಗಳಿದ್ದವು. ಬರಿಗಣ್ಣಿಗೆ ಕೂದಲಿನಷ್ಟು ಸಣ್ಣ ಕವಲುಗಳು ಕಾಣುತ್ತಿರಲಿಲ್ಲ. ಅವು ಕ್ಲಿಪ್ಪಿಗೆ ಸಿಕ್ಕಿ ಮುಚ್ಚಿಹೋಗುತ್ತಿದ್ದವು. ಇದನ್ನು ಬದಲಿಸಿದ್ದು ಸೂಕ್ಷ್ಮದರ್ಶಕ. ತುರ್ಕಿಯಲ್ಲಿ ಹುಟ್ಟಿದ ಗಾಜಿ ಯಶರ್ಗಿಲ್, ಅಮೆರಿಕದಲ್ಲಿ ಸೂಕ್ಷ್ಮದರ್ಶಕದಡಿ ನಾಳಗಳನ್ನು ಹೊಲಿಯುವ ವಿದ್ಯೆ ಕಲಿತು, 1967ರಿಂದ ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಅದನ್ನು ಉಬ್ಬಿನ ಚಿಕಿತ್ಸೆಗೆ ತಂದರು. ಮೆದುಳನ್ನು ಒತ್ತಿ ಸರಿಸದೆ, ಅದರ ಸಹಜವಾದ ಸಂದುಗಳಲ್ಲಿಯೇ ದಾರಿ ಮಾಡಿಕೊಂಡು ಹೋಗುವ ಅವರ ಕ್ರಮವನ್ನು ಜಗತ್ತೆಲ್ಲ ಕಲಿಯಿತು.

ಎರಡನೆಯ ಕಾರಣ, ರಕ್ತ ಚೆಲ್ಲಿದ ಕೆಲವು ದಿನಗಳ ಮೇಲೆ ಮೆದುಳಿನ ಧಮನಿಗಳು ಮುದುಡಿಕೊಳ್ಳುವುದು. ಉಬ್ಬು ಕಟ್ಟಿ ಗೆದ್ದ ರೋಗಿಯೂ ಇದರಿಂದ ಸೋಲುತ್ತಿದ್ದುದುಂಟು. ನಿಮೋಡಿಪಿನ್ ಎಂಬ ಔಷಧದಿಂದ ಇದರ ಹಾನಿ ಕಡಿಮೆಯಾಗುತ್ತದೆಂದು 1983ರಲ್ಲಿ ಅಮೆರಿಕದಿಂದಲೂ 1989ರಲ್ಲಿ ಬ್ರಿಟನ್ನಿನಿಂದಲೂ ಬಂದ ಅಧ್ಯಯನಗಳು ತೋರಿಸಿದವು.

ಈ ನಡುವೆ, 1971ರಲ್ಲಿ, ಲಂಡನಿನ ವಿಂಬಲ್ಡನ್ ಬಳಿಯ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯ ತಲೆಯ ಸಿ.ಟಿ. ಚಿತ್ರ ತೆಗೆಯಲಾಯಿತು. ಅದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಇ.ಎಂ.ಐ. ಕಂಪನಿಯ ಇಂಜಿನಿಯರು. ನಾಯಿಯ ಚಿತ್ರದ ಎಚ್.ಎಂ.ವಿ. ತಟ್ಟೆಗಳು ಬರುತ್ತಿದ್ದುದು ಇದೇ ಕಂಪನಿಯ ಕೂಟದಿಂದ ಎಂದರೆ ಗ್ರಾಮಫೋನ್ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಸೋಜಿಗವಾದೀತು. ತಲೆಯಲ್ಲಿ ರಕ್ತ ಚೆಲ್ಲಿದೆಯೇ ಎಂಬುದು ಈಗ ನಿಮಿಷಗಳಲ್ಲಿ ತಿಳಿಯುವಂತಾಯಿತು.

ನಮ್ಮ ನಾಡಿನಲ್ಲಿ

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಗೆಂದೇ ಒಂದು ವಿಭಾಗವಿರಲಿಲ್ಲ. 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ, 1950ರಲ್ಲಿ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಇದನ್ನು ಆರಂಭಿಸಿದರು. 1950ರ ದಶಕದಲ್ಲಿ ಮುಂಬಯಿಯಲ್ಲಿ ಈ ಕೆಲಸ ಕೈಗೊಂಡವರಲ್ಲಿ ಡಾ. ರಾಮ್ ಗಿಂಡೆ ಮೊದಲಿಗರು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಮಾರ್ತಾಂಡ ವರ್ಮ ನರಶಸ್ತ್ರ ವಿಭಾಗವನ್ನು ಕಟ್ಟಿದರು. 1974ರಲ್ಲಿ ಅದೇ ಸಂಸ್ಥೆ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಇಂದು ಕರ್ನಾಟಕದ ಮೂಲೆಮೂಲೆಯಿಂದ ತಲೆಯ ರೋಗಿಗಳು ಅಲ್ಲಿಗೆ ಹೋಗುವುದನ್ನು ನಾವೆಲ್ಲರೂ ಬಲ್ಲೆವು.

ರಾಮಮೂರ್ತಿಯವರು 1969ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಈ ಉಬ್ಬು ವಿರಳವೆಂದು ಕಂಡುಬರುತ್ತದೆ ಎಂದಿದ್ದರು. ಅಂದಿನ ಆಸ್ಪತ್ರೆಗಳ ಲೆಕ್ಕಕ್ಕೆ ಅದು ಸರಿಯೇ. ಆದರೆ ಬಾವಿಕಟ್ಟೆಯಲ್ಲಿ ಕುಸಿದವರು ಆಸ್ಪತ್ರೆಯ ಲೆಕ್ಕಕ್ಕೆ ಬರುವುದೆಲ್ಲಿಂದ? ಶವಪರೀಕ್ಷೆಗೆ ಒಪ್ಪುವ ಪದ್ಧತಿಯೂ ನಮ್ಮಲ್ಲಿಲ್ಲ. ಸ್ಕ್ಯಾನ್ ಯಂತ್ರಗಳು ಊರೂರಿಗೆ ಬಂದ ಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ಈ ಉಬ್ಬಿನ ಚಿಕಿತ್ಸೆ ನಿತ್ಯದ ಕೆಲಸವಾಗಿದೆ. ಕಾಣದ್ದೆಲ್ಲ ಇಲ್ಲದ್ದಲ್ಲ.

ತಲೆ ತೆರೆಯದ ಚಿಕಿತ್ಸೆ

ಧಮನಿಯ ಒಳಗಿನಿಂದಲೇ ಉಬ್ಬನ್ನು ಮುಚ್ಚಬಹುದೇ ಎಂಬ ಯೋಚನೆ ಬಂದದ್ದು ಮಾಸ್ಕೋದ ಫ್ಯೋದರ್ ಸೆರ್ಬಿನೆಂಕೊ ಅವರಿಗೆ. ಮೇ ದಿನದ ಉತ್ಸವದಲ್ಲಿ ಮಕ್ಕಳು ದಾರ ಹಿಡಿದು ಬೆಲೂನುಗಳನ್ನು ಆಡಿಸುವುದನ್ನು ಕಂಡು ಅವರಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. ತೆಳುವಾದ ನಳಿಕೆಯ ತುದಿಯಲ್ಲಿ ಪುಟ್ಟ ಬೆಲೂನು ಕಳಿಸಿ, ಬೇಕಾದಲ್ಲಿ ಊದಿ ಬಿಟ್ಟುಬರುವ ಅವರ ವಿಧಾನ 1974ರಲ್ಲಿ ಹೊರದೇಶಗಳಿಗೆ ತಿಳಿಯಿತು. ಆ ಬಳಿಕ ಇಟಲಿಯ ಗ್ವೀದೊ ಗುಲ್ಯೆಲ್ಮಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಪ್ಲಾಟಿನಮ್ಮಿನ ಅತಿ ಮೆದುವಾದ ಸುರುಳಿಯನ್ನು ರೂಪಿಸಿದರು. ತೊಡೆಯ ಧಮನಿಯಿಂದ ನಳಿಕೆ ಹೊಗಿಸಿ ಉಬ್ಬಿನೊಳಗೆ ಸುರುಳಿ ತುಂಬಿ, ಸಣ್ಣ ವಿದ್ಯುತ್ ಹಾಯಿಸಿದರೆ ಸುರುಳಿ ತಂತಿಯಿಂದ ಕಳಚಿಕೊಂಡು ಅಲ್ಲಿಯೇ ಉಳಿಯುತ್ತದೆ. 1990ರಲ್ಲಿ ಮೊದಲ ರೋಗಿಗೆ ಇದನ್ನು ಮಾಡಲಾಯಿತು.

ಯಾವುದು ಮೇಲು, ಕ್ಲಿಪ್ಪೋ ಸುರುಳಿಯೋ? ಉಬ್ಬು ಒಡೆದ, ಎರಡರಲ್ಲಿ ಯಾವುದನ್ನಾದರೂ ಮಾಡಬಹುದಾಗಿದ್ದ 2143 ರೋಗಿಗಳನ್ನು ಹೋಲಿಸಿದ ಅಧ್ಯಯನ 2002ರಲ್ಲಿ ಹೊರಬಂತು. ಒಂದು ವರ್ಷದ ಮೇಲೆ ಸತ್ತವರು ಅಥವಾ ಪರಾಧೀನರಾದವರು ಸುರುಳಿಯವರಲ್ಲಿ ನೂರಕ್ಕೆ 23.7, ಶಸ್ತ್ರಕ್ರಿಯೆಯವರಲ್ಲಿ 30.6. ಆದರೆ ಸುರುಳಿ ತುಂಬಿದ ಉಬ್ಬು ಮತ್ತೆ ಬಾಯಿ ಬಿಡುವ ಸಂಭವ ಹೆಚ್ಚು, ಆಗಾಗ ನೋಡುತ್ತಿರಬೇಕು. ಕೆಲವು ಉಬ್ಬುಗಳ ಆಕಾರಕ್ಕೆ ಕ್ಲಿಪ್ಪೇ ಒಗ್ಗುತ್ತದೆ. ಸುರುಳಿಗಳ ಬೆಲೆಯೂ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಹಗುರವಲ್ಲ.

ಕಂಡದ್ದರೊಡನೆ ಬಾಳುವುದು

ಈಗ ನಮ್ಮ ಸದಸ್ಯರ ಪ್ರಶ್ನೆಗೆ ಬರೋಣ. ಬೇರೆ ಯಾವುದಕ್ಕೋ ತೆಗೆದ ಚಿತ್ರದಲ್ಲಿ ಒಡೆಯದ ಉಬ್ಬು ಕಾಣುವುದು ಈ ಯಂತ್ರಯುಗದ ಹೊಸ ಸಂಗತಿ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರ ತಲೆಯಲ್ಲಿ ಇಂಥ ಉಬ್ಬು ಇರುತ್ತದೆಂದು ಅಧ್ಯಯನಗಳು ಹೇಳುತ್ತವೆ. ಅವರಲ್ಲಿ ಬಹುಪಾಲು ಜನ ಅದರ ಸುಳಿವೇ ಇಲ್ಲದೆ ಪೂರ್ಣಾಯುಷ್ಯ ಬಾಳಿ ಬೇರೆ ಕಾರಣದಿಂದ ತೀರಿಕೊಳ್ಳುತ್ತಾರೆ. 1998 ಮತ್ತು 2003ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವು, ಹಿಂದೆಂದೂ ರಕ್ತಸ್ರಾವವಾಗದವರಲ್ಲಿ ಏಳು ಮಿಲಿಮೀಟರಿಗಿಂತ ಸಣ್ಣ ಉಬ್ಬು, ಅದರಲ್ಲೂ ಮೆದುಳಿನ ಮುಂಭಾಗದ ಧಮನಿಗಳ ಮೇಲಿನದು, ಒಡೆಯುವುದು ತೀರ ಅಪರೂಪವೆಂದು ತೋರಿಸಿತು. ಚಿಕಿತ್ಸೆಗಾದರೋ ತನ್ನದೇ ಅಪಾಯವಿದೆ. ಒಡೆಯುವ ಭಯಕ್ಕಿಂತ ಕೈ ಹಾಕುವ ಭಯ ದೊಡ್ಡದಾದಲ್ಲಿ ವೈದ್ಯರು "ನೋಡೋಣ" ಎನ್ನುತ್ತಾರೆ.

ಹಾಗೆಂದು ಸಣ್ಣದೆಲ್ಲ ಸಾಧುವಲ್ಲ. ಸಣ್ಣ ಉಬ್ಬುಗಳೂ ಒಮ್ಮೊಮ್ಮೆ ಒಡೆಯುತ್ತವೆ. ಅದು ಇರುವ ಜಾಗ, ಆಕಾರ, ರೋಗಿಯ ವಯಸ್ಸು, ರಕ್ತದೊತ್ತಡ, ಮನೆತನದಲ್ಲಿ ಬೇರೆಯವರಿಗೆ ಆಗಿತ್ತೇ ಎಂಬುದನ್ನೆಲ್ಲ ತೂಗಿ ತೀರ್ಮಾನಿಸಬೇಕು. ಅದು ತಜ್ಞರ ಕೆಲಸ. ರೋಗಿಯ ಕೈಯಲ್ಲಿರುವುದು ಎರಡು: ಬೀಡಿ ಸಿಗರೇಟನ್ನು ಪೂರ್ತಿ ಬಿಡುವುದು, ರಕ್ತದೊತ್ತಡದ ಮಾತ್ರೆಯನ್ನು ತಪ್ಪಿಸದಿರುವುದು. ಮನೆಮಂದಿ ನೆನಪಿಡಬೇಕಾದದ್ದು ಒಂದು: ಹಿಂದೆಂದೂ ಕಾಣದಂಥ ತಲೆನೋವು ಒಮ್ಮೆಲೆ ಸಿಡಿಲಿನಂತೆ ಬಂದರೆ, ಉಬ್ಬು ಇದೆಯೆಂದು ಗೊತ್ತಿರಲಿ ಇಲ್ಲದಿರಲಿ, ಅಮೃತಾಂಜನ ಹಚ್ಚಿ ಮಲಗಿಸದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹಿಂದೆ ಕ್ಲಿಪ್ಪು ಹಾಕಿಸಿಕೊಂಡವರು ಶಸ್ತ್ರಕ್ರಿಯೆಯ ಕಾಗದವನ್ನು ಜೋಪಾನ ಮಾಡಿ, ಎಂ.ಆರ್.ಐ. ತೆಗೆಸುವ ಮುನ್ನ ತೋರಿಸಬೇಕು. ಹಳೆಯ ಕೆಲವು ಕ್ಲಿಪ್ಪುಗಳನ್ನು ಆ ಯಂತ್ರದ ಕಾಂತಶಕ್ತಿ ಎಳೆಯಬಲ್ಲದು.

ಇಷ್ಟನ್ನು ನಾವು ಆ ಹಿರಿಯರಿಗೆ ಹೇಳಿದೆವು. ಭಜನೆಯ ವಿಷಯವನ್ನು ಮಾತ್ರ ನಮ್ಮನ್ನು ಕೇಳದೆ ವೈದ್ಯರನ್ನೇ ನೇರವಾಗಿ ಕೇಳುವಂತೆ ಸೂಚಿಸಿದೆವು. ಇನ್ನೂರೈವತ್ತು ವರ್ಷಗಳಲ್ಲಿ ಈ ರೋಗವನ್ನು ಮನುಷ್ಯ ಮೊದಲು ಸತ್ತವರಲ್ಲಿ ಕಂಡ, ಆಮೇಲೆ ಸಾಯುತ್ತಿರುವವರಲ್ಲಿ ಕಂಡ, ಈಗ ಆರೋಗ್ಯವಾಗಿರುವವರಲ್ಲಿಯೂ ಕಾಣುತ್ತಿದ್ದಾನೆ. ಹಿಂದಿನವರಿಗೆ ಭಾರವಾಗಿದ್ದುದು ಅಜ್ಞಾನ. ನಮಗೆ ಭಾರವಾಗಿರುವುದು ಅರಿವು. ಅದನ್ನು ಹೊತ್ತು ಬಾಳುವುದಕ್ಕೆ ಧೈರ್ಯ ಹೇಳಬೇಕಾದವರು ವೈದ್ಯರೊಬ್ಬರೇ ಅಲ್ಲ. ಮನೆಯವರು, ನೆರೆಹೊರೆಯವರು, ನಮ್ಮಂಥ ಸಂಘದವರೂ ಹೌದು.

ವೈದ್ಯರು ಹಾಡಬಹುದೆಂದರಂತೆ. ಹೋದ ತಿಂಗಳ ಕೂಟಕ್ಕೆ ದಂಪತಿಗಳಿಬ್ಬರೂ ಬಂದಿದ್ದರು. ಆ ತಾಯಿ ಭಜನೆಯವರ ಸಾಲಿನಲ್ಲಿ ಕುಳಿತು, ಮೊದಲು ಮೆಲ್ಲನೆ, ಕೊನೆಕೊನೆಗೆ ಎಲ್ಲರ ಸಮನಾಗಿ ದನಿಗೂಡಿಸಿದರು.